ಹೆಬ್ಬೆರಳುದ್ದದ ಯೋಧನೂ ಅವನ ಬೂಟೂ

ನನ್ನ ಕೆಲಸ ಏನೆಂದು ಬ್ಯಾಡಗಿಯಲ್ಲಿ ಯಾರಾದರೂ ಕೇಳಿದರೆ ಮೊದಮೊದಲು ವಿವರವಾಗಿ ಹೇಳುತ್ತಿದ್ದೆ. ಹೊರದೇಶಗಳಲ್ಲಿ ದೊಡ್ಡವರೇ ಮೇಜಿನ ಸುತ್ತ ಕುಳಿತು ಯುದ್ಧದ ಆಟ ಆಡುತ್ತಾರೆ, ಆ ಆಟಕ್ಕೆ ಹೆಬ್ಬೆರಳುದ್ದದ ಯೋಧರು, ರಾಕ್ಷಸರು, ಬೇರೆ ಗ್ರಹದ ಪ್ರಾಣಿಗಳು ಬೇಕಾಗುತ್ತವೆ, ಅವುಗಳ ಮೊದಲ ಮೂರ್ತಿಯನ್ನು ನಾನು ಕೈಯಿಂದ ಮಾಡಿ ಕಳಿಸುತ್ತೇನೆ, ಅಲ್ಲಿ ಅದರಿಂದ ಅಚ್ಚು ತೆಗೆದು ಲೋಹದಲ್ಲಿ ರಾಶಿಗಟ್ಟಲೆ ಎರಕ ಹೊಯ್ಯುತ್ತಾರೆ ಎಂದು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಕಣ್ಣು ಬಸ್ಸು ಬಂತೇನೋ ಎಂದು ರಸ್ತೆಯ ಕಡೆ ಹೋಗಿರುತ್ತಿತ್ತು. ಕೊನೆಗೆ "ಗೊಂಬಿ ಮಾಡ್ತೇನ್ರಿ" ಎನ್ನುವುದನ್ನು ರೂಢಿ ಮಾಡಿಕೊಂಡೆ. "ಹೌದನ್ರಿ? ಛಲೋ ಆತು ಬಿಡ್ರಿ" ಎಂದು ಅವರೂ ಪಾರಾಗುತ್ತಿದ್ದರು, ನಾನೂ ಪಾರಾಗುತ್ತಿದ್ದೆ.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿದ್ದಾಗಿನ ಮಾತು. ರಾಣೆಬೆನ್ನೂರಿನಲ್ಲಿ ಡಿಗ್ರಿ ಮುಗಿಸಿ ನಾನು ಬ್ಯಾಡಗಿಯ ಮನೆಯಲ್ಲಿದ್ದೆ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿ ಅಪ್ಪನದು, ಮೆಣಸಿನಕಾಯಿ ವ್ಯಾಪಾರಿಗಳಿಗೆ ಬೇಕಾದ ಗೋಣಿಚೀಲ, ಸುತಳಿ, ಚೀಲ ಹೊಲಿಯುವ ದಬ್ಬಣ ಮಾರುತ್ತಿದ್ದ. ನನ್ನ ಕಾರ್ಖಾನೆ ಎಂದರೆ ಹಿತ್ತಲ ಕಿಟಕಿಯ ಕೆಳಗಿದ್ದ ಅವ್ವನ ಹಳೆಯ ಹೊಲಿಗೆ ಯಂತ್ರದ ಮೇಜು. ಯಂತ್ರ ಯಾವತ್ತೋ ಕೆಟ್ಟು ಗುಜರಿಗೆ ಹೋಗಿತ್ತು. ಅದು ಕೂತಿದ್ದ ಕಿಂಡಿಗೆ ಹಲಗೆ ಬಡಿದುಕೊಂಡಿದ್ದೆ. ಕೆಳಗಿನ ಕಾಲುಮಣೆ ಮಾತ್ರ ಇನ್ನೂ ಆಡುತ್ತಿತ್ತು. ರಾಕ್ಷಸನ ಮೂಗು ಸರಿಬರದೆ ತಲೆಕೆಟ್ಟಾಗ ನಾನು ಅದನ್ನು ಸುಮ್ಮನೆ ತುಳಿಯುತ್ತಿದ್ದೆ. ಆ ಶಬ್ದ ಕೇಳಿದರೆ ಅವ್ವ ನನ್ನ ಹತ್ತಿರ ಬರುತ್ತಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅವಳಿಗೆ ಗೊತ್ತಿತ್ತು.

ಈ ಕೈಗೆಲಸ ನನಗೆ ಯಾವ ಶಾಲೆಯಲ್ಲೂ ಬಂದದ್ದಲ್ಲ. ಅವ್ವನ ತಮ್ಮ, ಎಂದರೆ ನನ್ನ ಸೋದರಮಾವ, ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದ. ಮೇಡ್ಲೇರಿಯ ಕಡೆ ಅವರ ಕಂಪನಿಗೆ ಟೊಮೆಟೊ ಬೀಜ ಬೆಳೆದುಕೊಡುವ ಹೊಲಗಳಿದ್ದವು. ರಜೆಯಲ್ಲಿ ಅಲ್ಲಿಗೆ ಹೋದರೆ ಹೆಂಗಸರ ಜೊತೆ ನನ್ನನ್ನೂ ಸಾಲಿಗೆ ಇಳಿಸುತ್ತಿದ್ದರು. ಇನ್ನೂ ಅರಳದ ಮೊಗ್ಗನ್ನು ಚಿಮಟಿಯಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನಷ್ಟೇ ಕಿತ್ತು, ಹೆಣ್ಣು ಭಾಗಕ್ಕೆ ಪೆಟ್ಟಾಗದಂತೆ ಬಿಡಬೇಕು; ಆಮೇಲೆ ಅದಕ್ಕೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಕ್ರಾಸಿಂಗ್ ಎನ್ನುತ್ತಾರೆ. ಬಗ್ಗಿದ ಬೆನ್ನು, ಮಾತು ನಿಲ್ಲಿಸದ ಬಾಯಿ, ನಡುಗದ ಕೈ, ಇವು ಮೂರೂ ಒಟ್ಟಿಗೆ ಇರಬೇಕಾದ ಕೆಲಸ ಅದು. ಮೂರನ್ನೂ ಅಲ್ಲಿಯೇ ಕಲಿತೆ. ಆ ಹೊಲದ ಚಿಮಟಿಯೊಂದು ನನ್ನ ಚೀಲದಲ್ಲಿ ಊರಿಗೆ ಬಂದು ಮುಂದೆ ನೂರಾರು ಯೋಧರಿಗೆ ಹುಬ್ಬು ಕೂರಿಸಿತು.

ಉಳಿದ ಸಾಮಾನೂ ಊರಿನದೇ. ಗೊಂಬೆಯೊಳಗಿನ ಎಲುಬಿಗೆ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿಯ ಚೂರು ತಾಮ್ರದ ತಂತಿ. ಗೆರೆ ಕೊರೆಯಲು ಖಾಲಿ ಪೆನ್ನಿಗೆ ಸಿಕ್ಕಿಸಿದ ಜಾಲಿಮುಳ್ಳು. ಮೈಗೆ, ಸೋರುವ ಪೈಪಿಗೆ ಹಚ್ಚುವ ಎರಡು ಬಣ್ಣದ ಪುಟ್ಟಿ. ಎರಡನ್ನೂ ಕಲಸಿದರೆ ಸ್ವಲ್ಪ ಹೊತ್ತು ಮೆತ್ತಗಿದ್ದು ಆಮೇಲೆ ಕಲ್ಲಾಗುತ್ತದೆ. ಇಂಥ ಗೊಂಬೆಗಳ ಚಿತ್ರಗಳನ್ನು ನಾನು ಮೊದಲು ನೋಡಿದ್ದು ನಮ್ಮ ಓಣಿಯ ಫೋಟೋ ಸ್ಟುಡಿಯೋದಲ್ಲಿ. ಅಲ್ಲಿನ ಅಣ್ಣ ಮೂಲೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಹೊರಗೆ ಸೈಬರ್ ಎಂದು ಬೋರ್ಡು ಬರೆಸಿದ್ದ. ಚಿತ್ರ ನೋಡಿದ ವಾರದಲ್ಲೇ ಒಂದು ಗೊಂಬೆ ಮಾಡಿ, ಅವನ ಕ್ಯಾಮೆರಾದಲ್ಲಿ ಫೋಟೋ ತೆಗೆಸಿ, ಆ ಹವ್ಯಾಸಿಗಳ ವೆಬ್‌ಸೈಟಿಗೆ ಹಾಕಿದೆ. ಅಲ್ಲಿಂದ ಒಬ್ಬರು, ಅವರಿಂದ ಇನ್ನೊಬ್ಬರು ಎನ್ನುತ್ತ ಬಿಡಿ ಬಿಡಿ ಕೆಲಸ ಬರತೊಡಗಿತು.

ಬ್ಯಾಡಗಿಯಲ್ಲಿ ಕೂತು ಈ ಕೆಲಸ ಮಾಡುವುದಕ್ಕೆ ಒಂದೇ ಒಂದು ದೊಡ್ಡ ಅಡ್ಡಿ ಎಂದರೆ ಸೀನು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಗಾಳಿಯೇ ಘಾಟು. ಊರವರಿಗೆ ರೂಢಿಯಾಗಿರುತ್ತದೆ ಎನ್ನುತ್ತಾರೆ, ಸುಳ್ಳು. ರೂಢಿಯಾಗಿರುವುದು ಸೀನುವುದು. ಕಣ್ಣಿನ ಗುಡ್ಡೆ ಕೂರಿಸುವಾಗ ಒಂದು ಸೀನು ಬಂದರೆ ಮುಗಿಯಿತು, ಜಾಲಿಮುಳ್ಳು ಯೋಧನ ಕಪಾಳದಲ್ಲಿ. ಅಂಥ ಒಬ್ಬನಿಗೆ ಗಾಯದ ಗುರುತು ಎಂದು ಹಾಗೇ ಬಿಟ್ಟು ಕಳಿಸಿದ್ದೆ. ತರಿಸಿಕೊಂಡವರು ಅದನ್ನೇ ಹೊಗಳಿ ಬರೆದರು. ಇನ್ನೊಮ್ಮೆ ಗೊಂಬೆಯನ್ನು ಡಬ್ಬಿಯಲ್ಲಿಟ್ಟು ಸುತ್ತ ಅಪ್ಪನ ಅಂಗಡಿಯ ಗೋಣಿನಾರು ತುರುಕಿ ಕಳಿಸಿದೆ. ನಾರಿನ ತುಂಬ ಮೆಣಸಿನಕಾಯಿ ಧೂಳಿತ್ತೆಂದು ನನ್ನ ಮೂಗಿಗೆ ಗೊತ್ತಾಗಲಿಲ್ಲ. ಅಲ್ಲಿ ಡಬ್ಬಿ ಬಿಚ್ಚಿದವನಿಂದ ಹಿಡಿದು ಇಡೀ ಆಫೀಸು ಸೀನಿತಂತೆ. ಏನು ಕಳಿಸಿದ್ದೀರಿ ಎಂದು ಗಾಬರಿಯಿಂದ ಬರೆದಿದ್ದರು. ಮುಂದಿನ ಸಲದಿಂದ ಹತ್ತಿ ಬಳಸಿದೆ.

ನೋಡಲು ಬರುವವರದು ಬೇರೆ ಕಾಟ. ಒಮ್ಮೆ ಬೇರೆ ಗ್ರಹದ ಒಂದು ಪ್ರಾಣಿ ಮಾಡಿದ್ದೆ. ನಾಲ್ಕು ಕೈ, ಕೋರೆಹಲ್ಲು, ಹೊರಗೆ ಚಾಚಿದ ನಾಲಿಗೆ. ಒಣಗಲೆಂದು ಕಿಟಕಿಯಲ್ಲಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದರ ಹಣೆಗೆ ಅರಿಷಿಣ ಕುಂಕುಮ ಬಿದ್ದಿತ್ತು. ಪಕ್ಕದ ಮನೆಯ ಅಜ್ಜಿ ಕೈಮುಗಿದು ನಿಂತಿದ್ದಳು. "ಯಾವ ಊರ ದೇವಿ ಯವ್ವಾ ಇಕಿ? ಭಾಳ ಉಗ್ರ ಅದಾಳ" ಎಂದಳು. ಏನೆಂದು ಹೇಳಲಿ! "ದೂರದಾಕಿ ಅಜ್ಜಿ" ಎಂದೆ. ಎಷ್ಟು ತೊಳೆದರೂ ಕುಂಕುಮದ ಒಂದು ಚುಕ್ಕೆ ಹೋಗಲೇ ಇಲ್ಲ.

ಅಪ್ಪ ಮಾತ್ರ ನನ್ನ ಮೇಜಿನ ಹತ್ತಿರ ಬರುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದರೆ "ಏನೋ ಆಟ ಹಚ್ಯಾಳ" ಎನ್ನುತ್ತಿದ್ದ. ಆಟ ಎಂಬ ಆ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕಾಲುಮಣೆ ತುಳಿಯುತ್ತ ಕೂತಿರುವ ಮಗಳನ್ನು ನೋಡುವ ತಂದೆ ಬೇರೆ ಏನೆಂದಾನು? ಅಷ್ಟರಲ್ಲಿ ಸೋದರಮಾವ ತನ್ನ ಕಂಪನಿಯಲ್ಲಿ ನನಗೊಂದು ಕೆಲಸ ಗೊತ್ತು ಮಾಡಿದ. ಮೊಳಕೆ ಪರೀಕ್ಷೆಯ ಕೋಣೆ. ತಟ್ಟೆಯಲ್ಲಿಟ್ಟ ಬೀಜ ಎಷ್ಟು ಮೊಳೆತವು, ಎಷ್ಟು ಇಲ್ಲ ಎಂದು ನೋಡಿ ಬರೆಯುವುದು. ತಂಪಾದ ಕೋಣೆ, ಕುರ್ಚಿ, ಪ್ರತಿ ತಿಂಗಳು ಪಗಾರ. ಕೆಟ್ಟ ಕೆಲಸವೇನಲ್ಲ. ನೆನೆಸಿಕೊಂಡರೆ ನನಗೆ ಅಳು ಬರುತ್ತಿತ್ತು, ಅಷ್ಟೇ.

ಅದೇ ವೇಳೆಗೆ ಹೊರದೇಶದ ಒಂದು ಸಣ್ಣ ಕಂಪನಿಯವರು ಪರೀಕ್ಷೆಗೆಂದು ಒಂದು ಗೊಂಬೆ ಹೇಳಿದರು. ಒಪ್ಪಿಗೆಯಾದರೆ ಬಿಡದೆ ಕೆಲಸ ಕೊಡುತ್ತೇವೆ ಎಂದಿದ್ದರು. ನಾನು ಕಾಡಿಬೇಡಿ ಅಪ್ಪನಿಂದ ಒಂದು ಅವಕಾಶ ಪಡೆದೆ. ಸುಗ್ಗಿಯ ಕೊನೆಯ ಒಂದು ಸೋಮವಾರ ಮಾವ ನನ್ನನ್ನು ಕರೆದೊಯ್ಯಲು ಬರುವುದಿತ್ತು. ಅಷ್ಟರೊಳಗೆ ಆ ಕಂಪನಿಯವರು ಹೂಂ ಎಂದರೆ ನಾನು ಮನೆಯಲ್ಲೇ ಉಳಿಯುವುದು; ಅನ್ನದಿದ್ದರೆ ಮಾತಿಲ್ಲದೆ ಮಾವನ ಬೈಕು ಹತ್ತುವುದು.

ಅವರು ಕಳಿಸಿದ ಚಿತ್ರದಲ್ಲಿ ಒಬ್ಬ ಯೋಧನಿದ್ದ. ಮೈತುಂಬ ಕಬ್ಬಿಣದ ಕವಚ, ಹೆಗಲಿಂದ ಇಳಿಬಿದ್ದ ಶಾಲು, ನೆಲಕ್ಕೂರಿದ ಕತ್ತಿ. ಪಾಳುಬಿದ್ದ ಗುಡಿಯ ಕಟ್ಟೆಯ ಮುಂದೆ ಎರಡೂ ಮೊಣಕಾಲೂರಿ ತಲೆ ತಗ್ಗಿಸಿದ್ದ. ಚಿತ್ರ ಎದುರಿನಿಂದ ಬರೆದದ್ದು. ಹಿಂಭಾಗ ಹೇಗಿದೆ ಎಂದು ಅದರಲ್ಲಿ ಕಾಣುತ್ತಿರಲಿಲ್ಲ. ಹಿಂಭಾಗವನ್ನು ನಿಮ್ಮ ಊಹೆಯಂತೆ ಮಾಡಿ ಎಂದು ಬರೆದಿದ್ದರು. ಎದುರುಗಡೆಯನ್ನು ಯಾರು ಬೇಕಾದರೂ ಚಿತ್ರ ನೋಡಿ ಮಾಡಿಯಾರು. ನನ್ನ ಕೈಚಳಕ ತೋರಿಸಬೇಕಾದದ್ದು ಹಿಂದೆಯೇ ಎಂದು ತೀರ್ಮಾನಿಸಿದೆ.

ಮೊಣಕಾಲೂರಿದವನ ಹಿಂಭಾಗದಲ್ಲಿ ಕಾಣುವುದೇನು? ಶಾಲಿನ ಮಡಿಕೆ, ಅದರ ಕೆಳಗೆ ಮೇಲ್ಮುಖವಾದ ಎರಡು ಅಂಗಾಲು. ಅಂಗಾಲು ನೋಡಿ ಬರೋಣವೆಂದು ಬಸ್ಸು ಹತ್ತಿ ಕಾಗಿನೆಲೆಗೆ ಹೋದೆ. ಅಲ್ಲಿ ಯಾತ್ರಿಕರು ಬರುತ್ತಲೇ ಇರುತ್ತಾರೆ, ಅಡ್ಡಬೀಳುತ್ತಲೇ ಇರುತ್ತಾರೆ. ಚಪ್ಪಲಿ ಬಿಡುವ ಜಾಗದ ಬಳಿ ನಿಂತು ಒಬ್ಬೊಬ್ಬರ ಕಾಲನ್ನೂ ಬಿಟ್ಟ ಕಣ್ಣಿನಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದು ತನ್ನ ಮನೆಮಂದಿಯ ಚಪ್ಪಲಿಗಳನ್ನೆಲ್ಲ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. "ಹೊಸಾವು ಅದಾವ, ನೋಡಾಕತ್ತಾಳ" ಎಂದು ಗಂಡನಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಕಳ್ಳಿ ಎಂದು ಹೆಸರಾಗುವ ಮೊದಲೇ ಬಸ್ಸು ಹಿಡಿದು ವಾಪಸಾದೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಬೇಕಾದ ಅಂಗಾಲು ಮನೆಯಲ್ಲೇ ಇದೆ. ಅಪ್ಪ ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ, ಗೊತ್ತಿರುವ ದೇವರುಗಳನ್ನೆಲ್ಲ ಒಬ್ಬರನ್ನೂ ಬಿಡದೆ ಕರೆಯುತ್ತಿದ್ದ. ಅದು ಬೇಗ ಮುಗಿಯುವ ಕೆಲಸವಲ್ಲ. ನಾನು ಪುಟ್ಟಿ ಕಲಸಿಕೊಂಡು ಸದ್ದಿಲ್ಲದೆ ಅವನ ಹಿಂದೆ ಕುಳಿತೆ. ದಿನವೂ ಒಂದಿಷ್ಟು ಹೊತ್ತು ಹಾಗೆ ಕುಳಿತೆ. ಬಿರುಕು ಬಿಟ್ಟ ಹಿಮ್ಮಡಿ, ದಪ್ಪ ಹೆಬ್ಬೆರಳು, ಚೀಲ ತುಂಬಿದ ಬಂಡಿಯ ಗಾಲಿ ಹಾಯ್ದು ಪಕ್ಕದ ಬೆರಳಿನ ಮೇಲೆ ಏರಿ ಕೂತ ಎಡಗಾಲಿನ ಕಿರಿಬೆರಳು, ಎಲ್ಲವನ್ನೂ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂರಿಸಿದೆ. "ಪೂಜಿ ಹೊತ್ತಿನ್ಯಾಗ ಕೈಯಾಗ ಅದೇನ ಹಿಡಕೊಂಡು ಕುಂತಿ?" ಎಂದು ಅವ್ವ ಗದರಿದಳು. ಅಪ್ಪನಿಗೆ ಮಾತ್ರ ಏನೂ ತಿಳಿಯಲಿಲ್ಲ. ಮಗಳಿಗೆ ಈಗೀಗ ಭಕ್ತಿ ಬಂದಿದೆ ಎಂದು ಅವ್ವನೆದುರು ಸಂತೋಷಪಟ್ಟನಂತೆ.

ಇನ್ನು ಬೂಟು. ಯೋಧ ಎಂದ ಮೇಲೆ ಬೂಟು ಇರಲೇಬೇಕಲ್ಲ. ಅದಕ್ಕೇ ಅವನ ಹಿಂದೆ, ಕಟ್ಟೆಯಿಂದ ದೂರ, ಗೊಂಬೆಯ ಪೀಠದ ಅಂಚಿನಲ್ಲಿ ಒಂದು ಜೋಡಿ ಉದ್ದನೆಯ ಬೂಟುಗಳನ್ನು ಮಾಡಿ ಕಳಚಿಟ್ಟಂತೆ ಇಟ್ಟೆ. ಒಂದು ನೆಟ್ಟಗೆ ನಿಂತಿತ್ತು, ಒಂದು ಸ್ವಲ್ಪ ವಾಲಿತ್ತು. ಅವಸರದಲ್ಲಿ ಕಳಚಿ ಒಳಗೆ ಓಡಿದವನ ಬೂಟು ಹಾಗೇ ಇರುತ್ತದೆ. ಗೊಂಬೆಯನ್ನು ಅವ್ವ ನೋಡಿದಳು, ಪಕ್ಕದ ಅಜ್ಜಿ ನೋಡಿದಳು, ಫೋಟೋ ತೆಗೆಯುತ್ತ ಸ್ಟುಡಿಯೋದ ಅಣ್ಣ ನೋಡಿದ. "ಆ ಬೂಟು ನೋಡ್ರಿ, ಖರೇ ಬೂಟು ಇದ್ದಂಗ ಅದಾವ" ಎಂದು ಅವನು ಮೆಚ್ಚಿದ. ಇಡೀ ಬ್ಯಾಡಗಿಯಲ್ಲಿ ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನನಗಂತೂ ಅಷ್ಟು ಒಳ್ಳೆಯದನ್ನು ಅಲ್ಲಿಯವರೆಗೆ ಮಾಡಿರಲಿಲ್ಲ ಎಂಬ ಹೆಮ್ಮೆ.

ಕಳಿಸಿದ ಫೋಟೋಗಳಿಗೆ ಉತ್ತರ ಬೇಗ ಬಂತು. ಮುಖ ಚೆನ್ನಾಗಿದೆ, ಕವಚ ಚೆನ್ನಾಗಿದೆ, ಶಾಲು ತುಂಬ ಚೆನ್ನಾಗಿದೆ. ಆದರೆ ಈತ ಬರಿಗಾಲಿನಲ್ಲಿ ಯಾಕಿದ್ದಾನೆ? ಪೀಠದ ಮೇಲಿರುವ ಆ ಬೂಟುಗಳು ಯಾರವು? ಅಲ್ಲಿ ಇನ್ನೊಬ್ಬ ಸತ್ತು ಅವನ ಬೂಟು ಮಾತ್ರ ಉಳಿದಂತೆ ಕಾಣುತ್ತದೆ.

ಸ್ಟುಡಿಯೋದ ಅಣ್ಣನಿಗೆ ಓದಿ ಹೇಳಿದೆ. ಅವನು ಗಿರಾಕಿಯ ಪಾಸ್‌ಪೋರ್ಟ್ ಸೈಜು ಫೋಟೋ ಕತ್ತರಿಸುತ್ತಿದ್ದವನು ಕತ್ತರಿ ಕೆಳಗಿಟ್ಟ.

"ಅಲ್ರಿ ಅಕ್ಕಾರ, ಬೂಟ್ ಹಾಕ್ಕೊಂಡು ದೇವರ ಮುಂದ ಹೆಂಗ ಕುಂದ್ರತಾನ್ರಿ?"

"ಅದನ್ನ ನಾನೂ ಕೇಳಾಕತ್ತೇನ್ರಿ."

"ಬರೀರಿ ಹಂಗಂತ. ತಿಳದಿರಂಗಿಲ್ಲ ಅವರಿಗೆ."

ಬರೆದೆ. ಇಬ್ಬರೂ ಸೇರಿ ಉದ್ದಕ್ಕೆ ಬರೆದೆವು. ಗುಡಿಗೆ ಹೋಗುವ ಮನುಷ್ಯ ಕಾಲಲ್ಲಿದ್ದದ್ದನ್ನು ಹೊರಗೆ ಬಿಡುತ್ತಾನೆ, ಬೂಟು ಬಿಟ್ಟಿರುವುದೇ ಈತನ ಭಕ್ತಿಯ ಗುರುತು, ಅದಿಲ್ಲದಿದ್ದರೆ ಈತ ಕಳೆದುಹೋದ ಕಾಸು ಹುಡುಕುತ್ತ ಕೂತವನಂತೆ ಕಾಣುತ್ತಾನೆ ಎಂದು. ಕೊನೆಯ ಮಾತು ಬೇಡ ಎಂದು ಅಣ್ಣ ಹೇಳಿದ. ನಾನು ಸಿಟ್ಟಿನಲ್ಲಿದ್ದೆ, ಅದನ್ನು ತೆಗೆಯಲಿಲ್ಲ.

ಅದಕ್ಕೆ ಬಂದ ಉತ್ತರ ಸಮಾಧಾನದ್ದೇ. ನಿಮ್ಮ ಕಡೆಯ ಪದ್ಧತಿ ತಿಳಿದು ಸಂತೋಷವಾಯಿತು. ಆದರೆ ನಮ್ಮಲ್ಲಿ ಬೂಟು ಹಾಕಿಕೊಂಡೇ ಪ್ರಾರ್ಥನೆಗೆ ಹೋಗುತ್ತಾರೆ, ಗೊಂಬೆ ಕೊಳ್ಳುವವರೂ ನಮ್ಮವರೇ. ದಯವಿಟ್ಟು ಬೂಟು ತೊಡಿಸಿ ಶನಿವಾರದೊಳಗೆ ಕಳಿಸಿ. ತೊಡಿಸದಿದ್ದರೆ ತೆಗೆದುಕೊಳ್ಳಲಾಗುವುದಿಲ್ಲ.

ಮನೆಗೆ ಬಂದು ಗೊಂಬೆಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. ಆ ಅಂಗಾಲುಗಳನ್ನು ಮುಚ್ಚಬೇಕು! ಇಷ್ಟು ದಿನ ಮಾಡಿದ್ದರಲ್ಲಿ ನನ್ನದು ಎನ್ನಬಹುದಾದದ್ದು ಅದೊಂದೇ. ಉಳಿದದ್ದೆಲ್ಲ ಅವರ ಚಿತ್ರ, ಅವರ ಕವಚ, ಅವರ ಕತ್ತಿ. ಬೇಡವೇ ಬೇಡ ಎನ್ನಿಸಿತು. ಬೀಜ ನೋಡಿಕೊಂಡಿರುತ್ತೇನೆ, ಬೀಜಕ್ಕೆ ಬೂಟು ತೊಡಿಸು ಎಂದು ಯಾರೂ ಹೇಳುವುದಿಲ್ಲ. ಕಾಲುಮಣೆಯನ್ನು ಎಷ್ಟು ಜೋರಾಗಿ ತುಳಿದೆನೆಂದರೆ ಅಂಗಡಿಯಲ್ಲಿದ್ದ ಅಪ್ಪನಿಗೂ ಕೇಳಿಸಿತು. ಅಂದು ಪೇಟೆಯ ದಿನವಲ್ಲ, ಗಿರಾಕಿಗಳಿರಲಿಲ್ಲ. ಒಳಗೆ ಬಂದ.

"ಏನಾತು?" ಎಂದ.

"ಏನಿಲ್ಲ. ಸೋಮವಾರ ಮಾವನ ಕೂಡ ಹೋಗ್ತೇನಿ."

"ಅದು ಆಮ್ಯಾಲೆ. ಏನಾತು ಅದನ್ನ ಹೇಳು."

ಹೇಳಿದೆ. ಅಳುತ್ತ ಹೇಳಿದೆನೋ ಬೈಯುತ್ತ ಹೇಳಿದೆನೋ, ಎರಡೂ ಇರಬೇಕು. ಅಪ್ಪ ಪೂರ್ತಿ ಕೇಳಿ, "ತೊಗೊಂಡ್ ಬಾ ಇಲ್ಲೆ, ನೋಡೂಣು" ಎಂದ. ನಾನು ಮಾಡಿದ ಗೊಂಬೆಯನ್ನು ಅವನು ಕೇಳಿ ನೋಡಿದ್ದು ಅದೇ ಮೊದಲು. ಅಂಗೈಯ ಮೇಲೆ ಇಟ್ಟೆ, ಜೊತೆಗೆ ನನ್ನ ಭೂತಗನ್ನಡಿಯನ್ನೂ ಕೊಟ್ಟೆ. ಬೆಳಕಿಗೆಂದು ಕಿಟಕಿಯ ಹತ್ತಿರ ಹೋಗಿ ನಿಂತ. ಮುಖ ನೋಡಿದ, ಕತ್ತಿ ನೋಡಿದ, ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಅಲ್ಲಿಗೆ ಅವನ ಕೈ ನಿಂತಿತು. ಭೂತಗನ್ನಡಿಯನ್ನು ಹತ್ತಿರ ತಂದ, ದೂರ ಒಯ್ದ, ಮತ್ತೆ ಹತ್ತಿರ ತಂದ. ಬಗ್ಗಿ ತನ್ನ ಎಡಗಾಲಿನ ಕಿರಿಬೆರಳು ನೋಡಿಕೊಂಡ.

"ಇದು ನನ್ನ ಕಾಲು ಅಲ್ಲೇನು?"

"ಹೂಂ."

"ಹಿಮ್ಮಡ ಹಿಂಗ ಒಡದಾವೇನು?"

"ಇನ್ನೂ ಹೆಚ್ಚಗಿ ಒಡದಾವ. ನಾನ ಕಡಿಮಿ ಮಾಡೇನಿ."

ಒಲೆಯ ಮುಂದಿದ್ದ ಅವ್ವನಿಗೆ ಇಷ್ಟು ಸಾಕಾಯಿತು. "ಎಣ್ಣಿ ಹಚ್ಚಕೊಳ್ರಿ, ಎಣ್ಣಿ ಹಚ್ಚಕೊಳ್ರಿ ಅಂತ ಬಡಕೊಂಡ್ರ ಕೇಳಿದ್ರ್ಯಾ? ಈಗ ನೋಡ್ರಿ, ಪರದೇಶದ ತನಕ ಹೊಂಟಾವ" ಎಂದಳು.

ಅಪ್ಪ ನಗಲಿಲ್ಲ. ಅವನು ಹಾಗೆ ಒಂದು ವಸ್ತುವನ್ನು ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಗೋಣಿಚೀಲದ ನೇಯ್ಗೆ ನೋಡುವಾಗಲೂ ಅವನಿಗೆ ಅವಸರವೇ. ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲದವನಂತೆ ಹಿಡಿದೇ ನಿಂತಿದ್ದ. ನನಗೆ ಎದೆ ತುಂಬಿ ಬಂತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಇಂವಾ ಇರೂ ದೇಶದಾಗ ಥಂಡಿ ಭಾಳ ಇರ್ತೈತೇನು?" ಎಂದು ಕೇಳಿದ.

"ಭಾಳ. ಮಂಜು ಗಡ್ಡಿಗಟ್ಟಿ ಬೀಳ್ತೈತಿ ಅಂತ."

"ಮತ್ತ ಹಾಕು ಬೂಟು. ಅಂಥಾ ಥಂಡ್ಯಾಗ ಬರಿಗಾಲಲೆ ಕುಂದ್ರಸಬ್ಯಾಡ ಅಂವನ್ನ."

"ದೇವರ ಮುಂದ?"

"ದೇವರೂ ಅಲ್ಲೇ ಕುಂತಾನಲ್ಲ ಥಂಡ್ಯಾಗ. ತಿಳೀತೈತಿ ಅವಗ."

ಬೂಟು ತೊಡಿಸುವುದಕ್ಕೆ ಸರಿಯಾದ ವಿಧಾನವೆಂದರೆ ಮೊದಲು ಪಾದವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಬೂಟು ಕಟ್ಟುವುದು. ಬ್ಲೇಡು ಕೈಯಲ್ಲಿ ಹಿಡಿದೆ. ಅಪ್ಪ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದ. ಅವನ ಕಾಲನ್ನು ಅವನೆದುರಿಗೇ ಕತ್ತರಿಸುವುದು ಹೇಗೆ? ಬ್ಲೇಡು ಕೆಳಗಿಟ್ಟು, ಪುಟ್ಟಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಲಟ್ಟಿಸಿ, ಪಾದದ ಮೇಲೇ ಹೊದಿಸುತ್ತ ಹೋದೆ. ಹೆಬ್ಬೆರಳು ಹೋಯಿತು, ಕಿರಿಬೆರಳು ಹೋಯಿತು, ಕೊನೆಗೆ ಹಿಮ್ಮಡಿಯ ಬಿರುಕುಗಳು ಹೋದವು. ಎಷ್ಟು ತೆಳ್ಳಗೆ ಮಾಡಿದರೂ ಬೂಟು ದಪ್ಪವಾಯಿತು. ಪೀಠದ ಅಂಚಿನ ಜೋಡಿಯನ್ನು ಎಬ್ಬಿಸಿ ತೆಗೆದೆ.

"ದೊಡ್ಡೂ ಆಗ್ಯಾವ" ಎಂದ ಅಪ್ಪ.

"ಥಂಡಿಗೆ ದೊಡ್ಡೂನ ಇರಬೇಕು" ಎಂದೆ.

ಶನಿವಾರ ಹಾವೇರಿಗೆ ಹೋಗಿ ಕೊರಿಯರ್ ಮಾಡಿದೆ. ಅಲ್ಲಿನ ಗುಮಾಸ್ತನದು ಪ್ರತಿ ಸಲದ ಪ್ರಶ್ನೆ, ಒಳಗೇನಿದೆ ಎಂದು. ಗೊಂಬೆ ಎಂದರೆ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಗೊಂಬೆಗೆ ಏನು ಶಬ್ದವಿರುತ್ತದೆಂದು ಕೇಳುತ್ತಿದ್ದನೋ ಗೊತ್ತಿಲ್ಲ. ಅಂದು ಮಾತ್ರ ಅಲ್ಲಾಡಿಸಬೇಡಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಸ್ಟುಡಿಯೋದ ಅಣ್ಣ ಬೂಟು ತೊಟ್ಟ ಯೋಧನ ಫೋಟೋಗಳನ್ನು ಹಿಂದಿನ ದಿನವೇ ಕಳಿಸಿದ್ದ. ಶನಿವಾರ ಸಂಜೆ ನೋಡಿದೆ, ಉತ್ತರವಿಲ್ಲ. ಭಾನುವಾರ ಅವನಿಂದ ಅಂಗಡಿ ತೆಗೆಸಿ ನೋಡಿದೆ, ಉತ್ತರವಿಲ್ಲ.

ಆ ಉತ್ತರ ಮುಂದಿನ ವಾರ ಬಂತು. ಬೂಟು ತುಸು ದಪ್ಪ, ಪರವಾಗಿಲ್ಲ, ಇನ್ನು ಮುಂದೆ ನಮ್ಮ ಕೆಲಸ ಮಾಡಿ ಎಂದು ಬರೆದಿದ್ದರು. ಆಮೇಲೆ ವರ್ಷಗಟ್ಟಲೆ ಅವರಿಗೆ ಮಾಡಿದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದರಲ್ಲಿ ನನಗೆ ಖುಷಿಯಿಲ್ಲ. ಆದರೆ ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಪೇಟೆಯ ದಿನ. ಬೆಳಗಾಗುವುದರೊಳಗೆ ಓಣಿಯ ತುಂಬ ಲಾರಿ, ಟ್ರ್ಯಾಕ್ಟರು. ಅಂಗಡಿಯ ಮುಂದೆ ಚೀಲಕ್ಕೆ ಬಂದವರ ಗದ್ದಲ. ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ. ತಲೆ ಬಾಚಿ, ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, ಬಟ್ಟೆಯ ಚೀಲ ತುಂಬಿ ಪಡಸಾಲೆಯಲ್ಲಿ ಕುಳಿತಿದ್ದೆ. ಚಿಮಟಿಯನ್ನು ಚೀಲಕ್ಕೆ ಹಾಕಲೋ ಬೇಡವೋ ಎಂದು ಯೋಚಿಸಿ ಹೊರಗೇ ಬಿಟ್ಟಿದ್ದೆ. ಅವ್ವ ಬುತ್ತಿಗೆ ರೊಟ್ಟಿ ಕಟ್ಟುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಅದೇ ವಿಚಿತ್ರ. ಬರೀ ದುಃಖವಿತ್ತು.

ಮಾವನ ಬೈಕಿನ ಸದ್ದು ಕೇಳಿಸಿತು. ಎದ್ದು ಅಂಗಡಿಗೂ ಮನೆಗೂ ನಡುವಿನ ಬಾಗಿಲಿಗೆ ಬಂದೆ. ಮಾವ ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಕಾಲಿಟ್ಟು, "ಲಗೂ ಕಳಸ್ರಿ ಮಾವಾರ, ಬಿಸಲಾಗೂದರಾಗ ರಾಣೆಬೆನ್ನೂರ ಮುಟ್ಟಬೇಕು" ಎಂದು ಅಪ್ಪನಿಗೆ ಹೇಳಿದ.

ಅಪ್ಪ ಚೀಲ ಎಣಿಸುತ್ತಿದ್ದವನು ತಲೆಯೆತ್ತಲಿಲ್ಲ. "ಕುಂದ್ರಪಾ, ಚಾ ಕುಡದು ಹೋಗು. ಆಕಿ ಬರಂಗಿಲ್ಲ" ಎಂದ.

"ಯಾಕ್ರಿ? ಆರಾಮ ಇಲ್ಲೇನು?"

"ಆರಾಮ ಅದಾಳ. ಕೆಲಸ ಐತಿ ಆಕಿಗೆ."

"ಹಂಗಾರ ಪರದೇಶದವರು ಹೂಂ ಅಂದ್ರು ಅನ್ರಿ."

"ಇನ್ನೂ ಅಂದಿಲ್ಲ."

ಮಾವನಿಗೆ ಏನೂ ಅರ್ಥವಾಗಲಿಲ್ಲ. ಚೀಲಕ್ಕೆ ಬಂದವರು ಅಪ್ಪನ ಮುಖ ನೋಡಿದರು, ಮಾವನ ಮುಖ ನೋಡಿದರು. ಅಪ್ಪ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ಆಗ ಬಾಗಿಲಲ್ಲಿ ನಿಂತ ನಾನು ಅವನ ಕಣ್ಣಿಗೆ ಬಿದ್ದೆ. ನನ್ನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಬೇಕೆಂದೂ ತೋಚಿರಲಿಲ್ಲ.

"ನಿಂತು ಏನ್ ನೋಡಾಕತ್ತೀ?" ಎಂದು ಎಲ್ಲರಿಗೂ ಕೇಳುವಂತೆ ಗದರಿದ. "ಹೋಗು, ಕೆಲಸಕ್ಕ ಕುಂದ್ರು."

ಒಳಗೆ ಹೋಗಿ, ಹಳೆಯ ಬಟ್ಟೆ ಹಾಕಿಕೊಂಡು, ಮೇಜಿನ ಮುಂದೆ ಕುಳಿತು ಪುಟ್ಟಿ ಕಲಸಿದೆ. ಕೈಯಲ್ಲಿ ಒಂದು ಕೆಲಸವೂ ಇರಲಿಲ್ಲ. ಆದರೂ ಅಪ್ಪ ಅಂಗಡಿಯ ಬಾಗಿಲು ಹಾಕುವವರೆಗೆ ನಾನು ಅಲ್ಲಿಂದ ಏಳಲಿಲ್ಲ.